ತಿಪ್ಪಯ್ಯನವರ ಖಾನೆಗಳಿಗೆ ನಾನು ಮಾಡಿದ ಸುಧಾರಣೆ

ಒಂದು ಮುದ್ರಣಾಲಯವನ್ನು ಸುಧಾರಿಸಲು ಒಂದು ಭಾನುವಾರ ಧಾರಾಳವಾಗಿ ಸಾಕು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನಾನು ಹೀಗೆ ತೀರ್ಮಾನಿಸಿದಾಗ ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ.

ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಶುರುವಾದ ಹೊಸದು. ನಮ್ಮ ಜಿಲ್ಲೆಯ ಪ್ರೆಸ್ಸಿನವರಿಗೆಲ್ಲ ಏನೋ ದೊಡ್ಡ ಕಾಲ ಬಂತೆಂಬ ಹುರುಪು. ಆ ಹುರುಪಿನಲ್ಲೇ ಓಲ್ಡ್ ಟೌನಿನ ಒಂದು ಛತ್ರದಲ್ಲಿ ‘ಮುದ್ರಣ ವ್ಯಾಪಾರದ ಅಭಿವೃದ್ಧಿ’ ಎಂಬ ಉಪನ್ಯಾಸ ಏರ್ಪಾಡಾಗಿತ್ತು. ಮದರಾಸಿನ ಕಡೆಯಿಂದ ಬಂದ, ಕೋಟು ತೊಟ್ಟ ಮಹನೀಯರೊಬ್ಬರು ಎರಡು ಗಂಟೆ ಮಾತಾಡಿದರು. ಹೇಳಿದ ಹೊತ್ತಿಗೆ ಕೆಲಸ ಕೊಡಿ, ಗಿರಾಕಿಗೆ ಪ್ರೂಫ್ ತೋರಿಸದೆ ಅಚ್ಚು ಹಾಕಬೇಡಿ, ಒಳ್ಳೆಯ ಮಾದರಿಗಳನ್ನು ಗೋಡೆಗೆ ಅಂಟಿಸಿ, ಎಂದೆಲ್ಲ ಹೇಳಿದರು. ಅಕ್ಕಪಕ್ಕದವರು ತೂಕಡಿಸುತ್ತಿದ್ದರು. ನಾನು ಮಾತ್ರ ನೋಟುಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡೆ. ನನಗೆ ಬಹಳ ಹಿಡಿಸಿದ್ದು ಕಡೆಯ ಮಾತು: ‘ಹೊಸಬನೊಬ್ಬ ನಿಮ್ಮ ಪ್ರೆಸ್ಸಿಗೆ ಬಂದರೂ ಯಾವ ವಸ್ತು ಎಲ್ಲಿದೆಯೆಂದು ಕೇಳದೆಯೇ ಗೊತ್ತಾಗಬೇಕು.’

ಆ ಮಾತು ಕೇಳಿದ ಕೂಡಲೇ ನನ್ನ ಕಣ್ಣೆದುರು ನಮ್ಮ ಪ್ರೆಸ್ಸಿನ ತಿಪ್ಪಯ್ಯನವರ ಅಚ್ಚುಮೊಳೆಯ ಕೇಸುಗಳು ಬಂದು ನಿಂತವು.

ನಮ್ಮ ಪ್ರೆಸ್ಸು ಇದ್ದದ್ದು ಸವಳಂಗ ರಸ್ತೆಯಲ್ಲಿ. ಮುಂದೆ ಪ್ರೆಸ್ಸು, ಹಿಂದೆ ಮನೆ. ಅಲ್ಲಿ ದುಡಿಯುವವರು ಇಬ್ಬರೇ. ಟ್ರೆಡಲ್ ಯಂತ್ರವನ್ನು ತುಳಿಯುವವನು ಮಾಲೀಕನಾದ ನಾನು. ಅಚ್ಚಿನ ಮೊಳೆಗಳನ್ನು ಜೋಡಿಸುವವರು ತಿಪ್ಪಯ್ಯನವರು. ನನ್ನ ಮಾವನ ಕಾಲದಿಂದಲೂ ಅಲ್ಲಿದ್ದವರು. ಯಂತ್ರವನ್ನು ಯಾರು ಬೇಕಾದರೂ ತುಳಿಯಬಹುದು, ಕಾಲಿದ್ದರೆ ಸಾಕು. ತಿಪ್ಪಯ್ಯನವರಿಲ್ಲದಿದ್ದರೆ ಮಾತ್ರ ನಮ್ಮ ಪ್ರೆಸ್ಸು ಒಂದು ಕಬ್ಬಿಣದ ರಾಶಿ.

ಅವರ ಎದುರು ನಾಲ್ಕು ದೊಡ್ಡ ಮರದ ಕೇಸುಗಳು, ಒಂದೊಂದರಲ್ಲೂ ಜೇನುಗೂಡಿನಂತೆ ಪುಟ್ಟ ಪುಟ್ಟ ಖಾನೆಗಳು, ಒಂದೊಂದು ಖಾನೆಯಲ್ಲೂ ಒಂದೊಂದು ಅಕ್ಷರದ ಮೊಳೆಗಳು. ನಾನು ಬಹಳ ದಿನದಿಂದ ಕುತೂಹಲದಿಂದ ಗಮನಿಸಿದ್ದ ಸಂಗತಿಯೊಂದಿತ್ತು. ಆ ಖಾನೆಗಳಿಗೆ ಹಿಂದಿಲ್ಲ ಮುಂದಿಲ್ಲ! ‘ರ’ದ ಪಕ್ಕ ‘ಲಿ’, ಅದರ ಕೆಳಗೆ ‘ದು’. ‘ಅ’ ಎಲ್ಲೋ ಮೂಲೆಯಲ್ಲಿ, ‘ಆ’ ಬೇರೆ ಕೇಸಿನಲ್ಲೇ. ಒಂದನೆಯ ತರಗತಿಯ ಮಗು ನೋಡಿದರೆ ನಗಬೇಕು. ಪಾಪ, ಓದು ಕಡಿಮೆ, ಹೇಗೋ ತುಂಬಿಕೊಂಡಿದ್ದಾರೆ ಎಂದು ನಾನು ಇಷ್ಟು ವರ್ಷ ಸುಮ್ಮನಿದ್ದೆ.

ಇನ್ನು ಸುಮ್ಮನಿರುವುದು ವ್ಯಾಪಾರಧರ್ಮವಲ್ಲ! ಅ, ಆ, ಇ, ಈ ಎಂದು ಕ್ರಮವಾಗಿ ತುಂಬಿಬಿಟ್ಟರೆ ಹುಡುಕುವ ಹೊತ್ತೆಲ್ಲ ಉಳಿಯುತ್ತದೆ. ಭಾನುವಾರ ತಿಪ್ಪಯ್ಯನವರಿಗೆ ರಜೆ. ಸೋಮವಾರ ಬೆಳಿಗ್ಗೆ ಬಂದು ನೋಡಿ ಅವರು ಬೆರಗಾಗಬೇಕು.

ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ನನ್ನ ಹೆಂಡತಿ ಗೌರಮ್ಮನಿಗೆ ಯೋಜನೆಯನ್ನು ಗಂಭೀರವಾಗಿ ವಿವರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

“ತಿಪ್ಪಯ್ಯನೋರನ್ನ ಒಂದು ಮಾತು ಕೇಳಿದ್ರಾ?”

“ಕೇಳೋದೇನು ಮಾರಾಯ್ತಿ? ಅವರ ಅನುಕೂಲಕ್ಕೇ ಮಾಡ್ತಿರೋದು.”

“ನನ್ನ ಅನುಕೂಲಕ್ಕೆ ಅಂತ ನೀವು ಸಾಸಿವೆ ಡಬ್ಬೀಲಿ ಮೆಂತ್ಯ ತುಂಬಿಟ್ರೆ ನಾನು ಸುಮ್ನಿರ್ತೀನಾ?”

“ಅಡುಗೆಮನೆ ಬೇರೆ, ಮುದ್ರಣಶಾಸ್ತ್ರ ಬೇರೆ.”

“ಹಂಗಾರೆ ಶಾಸ್ತ್ರಕ್ಕೆ ನನ್ನ ಪಾತ್ರೆ ಮುಟ್ಟಬೇಡಿ,” ಎಂದಳು.

ಆದರೆ ಖಾನೆಗಳಿಂದ ತೆಗೆದ ಮೊಳೆಗಳನ್ನು ಎಲ್ಲಿಡುವುದು? ಮೊದಲು ಲೋಟಗಳು ಬಂದವು. ಆಮೇಲೆ ಬಟ್ಟಲು, ಸೌಟು, ದೀಪಾವಳಿಯ ಹಣತೆಗಳು. ಮಧ್ಯಾಹ್ನದ ಹೊತ್ತಿಗೆ ಒಗ್ಗರಣೆ ಡಬ್ಬಿಯೂ ಬಂತು. ಮೂರನೆಯ ಕೇಸು ಇಳಿಸುವಾಗ ನನ್ನ ಕಾಲು ಒಂದು ತಂಬಿಗೆಗೆ ತಗುಲಿತು. ತಂಬಿಗೆ ಉರುಳಿತು. ಕೇಸೂ ಉರುಳಿತು. ಇಡೀ ಕನ್ನಡ ಭಾಷೆ ನೆಲದ ಮೇಲಿತ್ತು!

ಆಗ ಗೊತ್ತಾಯಿತು ನನಗೆ, ಹನ್ನೆರಡು ವರ್ಷದಿಂದ ಪ್ರೆಸ್ಸಿನ ಮಾಲೀಕನಾಗಿದ್ದರೂ ಮೊಳೆಯ ಅಕ್ಷರವನ್ನು ಓದಲು ನನಗೆ ಬರುವುದಿಲ್ಲವೆಂದು. ಮೊಳೆಯಲ್ಲಿ ಅಕ್ಷರ ಎಡಬಲ ತಿರುವುಮುರುವಾಗಿ ಇರುತ್ತದೆ, ಅದೂ ಅಕ್ಕಿಕಾಳಿನಷ್ಟು. ಗೌರಮ್ಮ ಎಷ್ಟಾದರೂ ಕರುಣಾಮಯಿ. ಒಳಗಿನಿಂದ ಮೊರ ಮತ್ತು ಕುಂಕುಮದ ಪೆಟ್ಟಿಗೆಯ ಕನ್ನಡಿ ತಂದಳು. ಅವಳು ಮೊರದಲ್ಲಿ ಮೊಳೆಗಳನ್ನು ಹರಡಿ ಕಲ್ಲು ಆರಿಸುವ ಹಾಗೆ ಆರಿಸುವುದು, ನಾನು ಒಂದೊಂದನ್ನೂ ಕನ್ನಡಿಗೆ ಹಿಡಿದು ಅದರ ಮುಖ ನೋಡುವುದು. ವಧುಪರೀಕ್ಷೆ ನಡೆದಂತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೇಸುಗಳು ತುಂಬಿದವು. ಅ, ಆ, ಇ, ಈ! ನೋಡಿದರೆ ಕಣ್ಣಿಗೆ ಹಬ್ಬ.

ಸೋಮವಾರ ಎಂಟು ಗಂಟೆಗೆ ತಿಪ್ಪಯ್ಯನವರು ಬಂದರು. ಎಂದಿನಂತೆ ಟೋಪಿ ತೆಗೆದು ಗೂಟಕ್ಕೆ ಹಾಕಿದರು, ಯಂತ್ರಕ್ಕೆ ಕೈ ಮುಗಿದರು, ಒಂದು ಊದುಬತ್ತಿ ಹಚ್ಚಿದರು. ಅಂದು ಇದ್ದದ್ದು ಬೆಲ್ಲದ ಮಂಡಿಯ ರುದ್ರಪ್ಪನವರ ಮಗಳ ಲಗ್ನಪತ್ರಿಕೆ. ಗುರುವಾರ ಬೆಳಿಗ್ಗೆ ಮೊದಲ ಪತ್ರಿಕೆಗೆ ಅರಿಶಿನ ಹಚ್ಚಿ ಮನೆದೇವರ ಮುಂದಿಟ್ಟು, ರುದ್ರಪ್ಪನವರು ಊರೂರಿಗೆ ಕರೆಯಲು ಹೊರಡುವವರಿದ್ದರು. ಪ್ರೂಫ್ ನೋಡಿಕೊಂಡೇ ಹೋಗುತ್ತೇನೆಂದು ಅವರೂ ಬಂದು ಬೆಂಚಿನ ಮೇಲೆ ಕೂತಿದ್ದರು.

ನಾನು ಟ್ರೆಡಲ್‌ಗೆ ಎಣ್ಣೆ ಬಿಡುವ ನೆಪದಲ್ಲಿ ಓರೆಗಣ್ಣಿನಲ್ಲಿ ಕಾಯುತ್ತಿದ್ದೆ. ಈಗ ನೋಡುತ್ತಾರೆ, ಈಗ ಹೊಗಳುತ್ತಾರೆ. ಮೊದಲೇ ಹೇಳಿಬಿಟ್ಟರೆ ಹೊಗಳಿಕೆಯ ಸ್ವಾರಸ್ಯ ಕೆಡುತ್ತದಲ್ಲ!

ಅವರು ನೋಡಲೇ ಇಲ್ಲ.

ಕಣ್ಣು ಬರವಣಿಗೆಯ ಕಾಗದದ ಮೇಲೆ. ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ಕು. ಬಲಗೈ ಮಾತ್ರ ಕೇಸಿನಿಂದ ಕೇಸಿಗೆ, ಕಾಳು ಹೆಕ್ಕುವ ಕೋಳಿಯಂತೆ, ಟಕ ಟಕ ಹಾರುತ್ತಿತ್ತು. ಕೇಸಿನ ಕಡೆ ಅವರು ಒಂದು ಸಲವೂ ಕತ್ತು ತಿರುಗಿಸಲಿಲ್ಲ. ಇಷ್ಟು ವರ್ಷ ಒಂದೇ ಕೋಣೆಯಲ್ಲಿದ್ದೂ ನಾನು ಇದನ್ನು ಗಮನಿಸಿರಲಿಲ್ಲ! ಮಧ್ಯೆ ಒಂದೆರಡು ಸಲ ಅವರ ಬೆರಳು ತಡೆದು ನಿಂತಿತು. ಬೆರಳ ತುದಿಯನ್ನು ಉಜ್ಜಿ ನೋಡಿಕೊಂಡರು. ಮತ್ತೆ ಟಕ ಟಕ.

ಏನೋ ಎಡವಟ್ಟಾಯಿತೆಂದು ನನಗೆ ಆಗಲೇ ಹೊಳೆಯಿತು. ಎಣ್ಣೆ ಬಿಟ್ಟ ಕಡೆಗೇ ಮತ್ತೆ ಎಣ್ಣೆ ಬಿಟ್ಟೆ.

ಪ್ರೂಫ್ ತೆಗೆದು ತಿಪ್ಪಯ್ಯನವರೇ ರುದ್ರಪ್ಪನವರ ಕೈಗಿಟ್ಟರು. ರುದ್ರಪ್ಪನವರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಬೆಳಕಿಗೆ ಹಿಡಿದರು.

“ಮಲ್ಲಪ್ಪ, ಇದು ಯಾವ ಭಾಷೆ ಮಾರಾಯ?”

“ಕನ್ನಡವೇ...” ಎಂದೆ.

“ಭದ್ರಾವತಿ ಕಾರ್ಖಾನೆಯೋರಿಗೆ ತಮಿಳಿನಲ್ಲಿ ಏನೋ ಅಚ್ಚು ಹಾಕಿದ್ಯೇನೋ ಅಂದ್ಕೊಂಡೆ. ನನ್ನ ಮಗಳ ಹೆಸರೆಲ್ಲಿದೆ ಇದ್ರಾಗೆ? ಇದನ್ನ ದೇವರ ಮುಂದೆ ಇಟ್ರೆ ದೇವರೇ ಎದ್ದು ಹೋಗ್ತಾನೆ!”

ತಿಪ್ಪಯ್ಯನವರು ಪ್ರೂಫನ್ನು ಇಸಿದುಕೊಂಡು ನೋಡಿದರು. ಸ್ಟಿಕ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ತಮ್ಮ ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದ್ದೋ ಎಂಬಂತೆ ನೋಡಿದರು.

“ಯಜಮಾನ್ರೇ, ನನ್ನ ಕೈ ಹೋಯ್ತು,” ಎಂದರು. “ನಮ್ಮಪ್ಪನಿಗೂ ಈ ವಯಸ್ಸಿಗೇ ಅರಳುಮರಳು ಬಂದಿದ್ದು.”

ನಾನು ಆ ಕ್ಷಣವೇ ಹೇಳಬೇಕಿತ್ತು. ಹೇಳಲಿಲ್ಲ. ಗಿರಾಕಿಯ ಎದುರು ಮಾಲೀಕನ ಮರ್ಯಾದೆ ಹೋಗುತ್ತದಲ್ಲ ಎಂದು ಎಣ್ಣೆಯ ಕುಪ್ಪಿಯನ್ನು ಹಿಡಿದು ನಿಂತೆ. ತಿಪ್ಪಯ್ಯನವರು ಟೋಪಿ ತೆಗೆದುಕೊಂಡು, ಯಂತ್ರಕ್ಕೆ ಮತ್ತೊಮ್ಮೆ ಕೈ ಮುಗಿದು ಹೊರಟೇಹೋದರು. ಎಣ್ಣೆ ನನ್ನ ಪಂಚೆಯ ಮೇಲೆ ಸುರಿಯುತ್ತಿತ್ತು.

ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸಿಕೊಂಡ ಗೌರಮ್ಮ ಒಂದೇ ಮಾತು ಹೇಳಿದಳು. “ಅವರ ಮನೆಗೆ ನೀವು ಹೋಗ್ತೀರೋ, ನಾನು ಹೋಗ್ಲೋ?”

ನಾನೇ ಹೋದೆ. ತಿಪ್ಪಯ್ಯನವರು ಜಗುಲಿಯ ಮೇಲೆ ಕೂತು ಬಟ್ಟೆಯ ಗಂಟು ಕಟ್ಟುತ್ತಿದ್ದರು. ಭದ್ರಾವತಿಯ ಕಾಗದನಗರದಲ್ಲಿ ಅವರ ಅಳಿಯನಿದ್ದ. ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸವಾದರೂ ಸಿಕ್ಕೀತೆಂದು ಮಧ್ಯಾಹ್ನದ ರೈಲಿಗೆ ಹೊರಟಿದ್ದರು.

“ಗೇಟು ತೆಗೆಯೋಕೆ ಬುದ್ಧಿ ಬೇಕಾಗಲ್ಲ, ಯಜಮಾನ್ರೇ.”

ನಾನು ಹೇಳಿದೆ. ಉಪನ್ಯಾಸ, ಲೋಟ, ತಂಬಿಗೆ, ಮೊರ, ಕನ್ನಡಿ, ಏನನ್ನೂ ಬಿಡದೆ ಹೇಳಿದೆ. ತಿಪ್ಪಯ್ಯನವರು ಗಂಟಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

“ಹಂಗಾರೆ ನನ್ನ ಕೈ ಸರಿಯಾಗೈತಾ?”

“ಸರಿಯಾಗಿದೆ.”

“ತಲೆ?”

“ಅದೂ ಸರಿಯಾಗಿದೆ. ಕೆಟ್ಟಿದ್ದು ನನ್ನದು.”

“ಲೇ ಇವಳೇ,” ಎಂದು ಅವರು ಒಳಕ್ಕೆ ಕೂಗಿದರು, “ನಂಗೇನೂ ಆಗಿಲ್ವಂತೆ ಕಣೇ! ಆಗಿರೋದು ಯಜಮಾನ್ರಿಗೆ! ಕಾಫಿ ಮಾಡು!”

ಆ ಕಾಫಿಯನ್ನು ನಾನು ಬಹಳ ವಿನಯದಿಂದ ಕುಡಿದೆ.

ಮಂಗಳವಾರ ಮತ್ತೆ ಎಲ್ಲ ಮೊಳೆಗಳೂ ಲೋಟಕ್ಕೆ ಇಳಿದವು. ಗುರುವಾರಕ್ಕೆ ಇನ್ನು ಎರಡೇ ದಿನ. ನಾನು ಕಾಗದ ಪೆನ್ಸಿಲು ಹಿಡಿದು ಕೇಳಿದೆ: “ಹೇಳಿ ತಿಪ್ಪಯ್ಯನೋರೇ, ‘ನ’ ಎಲ್ಲಿತ್ತು?”

ಅವರು ಖಾಲಿ ಕೇಸುಗಳ ಮೇಲೆ ಕಣ್ಣಾಡಿಸಿದರು. “ಗೊತ್ತಿಲ್ಲ.”

“ಗೊತ್ತಿಲ್ವಾ! ದಿನಾ ಸಾವಿರ ಸಲ ತೆಗೀತಿದ್ರಲ್ಲ?”

“ನಾನೆಲ್ಲಿ ತೆಗೀತಿದ್ದೆ? ಕೈ ತೆಗೀತಿತ್ತು. ಅದನ್ನೇ ಕೇಳಬೇಕು.”

ಕೈಯನ್ನು ಕೇಳುವುದು ಹೇಗೆ? ಅದನ್ನೂ ಅವರೇ ಕಂಡುಹಿಡಿದರು. ಖಾಲಿ ಕೇಸುಗಳ ಮುಂದೆ ಖಾಲಿ ಸ್ಟಿಕ್ಕು ಹಿಡಿದು ನಿಂತು ಕಣ್ಣು ಮುಚ್ಚಿದರು. “ಲಗ್ನಪತ್ರಿಕೆ ಓದಿ, ನಿಧಾನವಾಗಿ,” ಎಂದರು. ನಾನು ಓದಿದೆ. ಅವರು ಒಂದೊಂದೇ ಅಕ್ಷರವನ್ನು ಬಾಯಲ್ಲಿ ಅಂದಂತೆ, ಕೈ ತಾನಾಗಿ ಹಾರಿ ಒಂದು ಖಾನೆಯ ಮೇಲೆ ಕೂತಿತು. ಅದು ಎಲ್ಲಿ ಕೂತಿತೋ ಅಲ್ಲಿ ಗೌರಮ್ಮ ಆ ಅಕ್ಷರದ ಲೋಟ ಬಗ್ಗಿಸಿದಳು. ನಾನು ಓದುವುದನ್ನೂ ಮರೆತು ಆ ಕೈಯನ್ನೇ ನೋಡುತ್ತ ನಿಂತೆ. ಹೆಚ್ಚು ಬೇಕಾಗುವ ಅಕ್ಷರಗಳೆಲ್ಲ ಬೆರಳಿಗೆ ಹತ್ತಿರ; ಅಪರೂಪಕ್ಕೆ ಬರುವವು ದೂರ. ‘ಅ’ ಮೂಲೆಯಲ್ಲಿದ್ದದ್ದು ಅಲ್ಲಿಯೇ ಇರಬೇಕಾದ್ದರಿಂದ! ನಾನು ಗೊಂದಲವೆಂದುಕೊಂಡದ್ದರೊಳಗೆ ಒಂದು ಇಡೀ ವಿದ್ಯೆ ಕೂತಿತ್ತು.

ಲಗ್ನಪತ್ರಿಕೆ ಮುಗಿದರೂ ಎಷ್ಟೋ ಲೋಟಗಳು ಉಳಿದವು. ಮದುವೆಗೆ ಬಾರದ ಅಕ್ಷರಗಳು! ಸೋಪಿನ ಜಾಹೀರಾತು ಓದಿದೆ, ಹರಾಜಿನ ನೋಟೀಸು ಓದಿದೆ. ಒಂದು ಹನ್ನೊಂದನೆಯ ದಿನದ ಪತ್ರವನ್ನು ತೆಗೆಯುತ್ತಿದ್ದಂತೆ, ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದ ರುದ್ರಪ್ಪನವರು ಬೆಂಚಿನಿಂದ ಎದ್ದರು.

“ಏ ಮಲ್ಲಪ್ಪ! ಮದುವೆ ಕೆಲಸದಾಗೆ ಸಾವಿನ ಕಾಗದ ಓದ್ತೀಯಲ್ಲೋ! ಬೇರೆ ಏನಾದ್ರೂ ಓದು!”

“‘ಘ’ ಇನ್ನೂ ಹಂಗೇ ಐತೆ,” ಎಂದರು ಕಣ್ಣು ಮುಚ್ಚಿದ್ದ ತಿಪ್ಪಯ್ಯನವರು. “‘ಘ’ ಬರೋ ಮಾತು ಯಾವುದಾದ್ರೂ ಹೇಳಿ.”

“ಘನಂದಾರಿ ಕೆಲಸ,” ಎಂದಳು ಗೌರಮ್ಮ.

ಕೈ ಹಾರಿತು, ಕೂತಿತು.

“‘ಢ’?”

“ಮೂಢ.”

ಅವಳು ಯಾರ ಕಡೆಗೂ ನೋಡಲಿಲ್ಲ. ರುದ್ರಪ್ಪನವರು ಮಾತ್ರ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಆಮೇಲೆ ಅಕ್ಷರಕ್ಕೊಂದು ಮಾತು ಅವಳ ಬಾಯಿಂದ ಸಲೀಸಾಗಿ ಬಂತು. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅವಳು ನನಗಾಗಿ ಇಷ್ಟು ಪದಗಳನ್ನು ಕೂಡಿಟ್ಟಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ಬುಧವಾರ ಬೆಳಿಗ್ಗೆ ತಿಪ್ಪಯ್ಯನವರು ಪತ್ರಿಕೆಯನ್ನು ಜೋಡಿಸಿದರು. ಪ್ರೂಫ್ ಬಂದಾಗ ನೋಡಲು ಅವರಿಗೇ ಧೈರ್ಯವಾಗಲಿಲ್ಲ. ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ನಾನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಒಂದೂ ತಪ್ಪಿಲ್ಲ. ಅವರು ತಿರುಗಿದಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು, ತಪ್ಪಿಸಿಕೊಂಡಿದ್ದ ಕರು ಸಿಕ್ಕಿದಾಗ ಹಿಡಿದುಕೊಳ್ಳುವ ಹಾಗೆ. ಸಂಜೆಯ ಹೊತ್ತಿಗೆ ನಾನು ಟ್ರೆಡಲ್ ತುಳಿದು ಎಲ್ಲ ಪತ್ರಿಕೆಗಳನ್ನೂ ಅಚ್ಚು ಹಾಕಿ ಮುಗಿಸಿದೆ. ಗುರುವಾರ ರುದ್ರಪ್ಪನವರು ಸಕಾಲಕ್ಕೆ ಹೊರಟರು.

ಅಂದು ಬಿಡುವಿತ್ತು. ನನಗೊಂದು ಆಸೆ ಹುಟ್ಟಿತು. “ತಿಪ್ಪಯ್ಯನೋರೇ, ನಂಗೂ ಸ್ವಲ್ಪ ಮೊಳೆ ಜೋಡಿಸೋದು ಹೇಳಿಕೊಡ್ತೀರಾ?” ಎಂದೆ.

ಅವರು ಅನುಮಾನದಿಂದ ನೋಡಿದರು. “ಖಾನೆ ಮುಟ್ಟಲ್ಲ ತಾನೆ?”

“ಒಂದೊಂದೇ ಮೊಳೆ ತಗೊಳ್ತೀನಿ. ಅಷ್ಟೆ.”

ಸ್ಟಿಕ್ಕನ್ನು ನನ್ನ ಕೈಗಿಟ್ಟರು. ನನ್ನ ಹೆಸರನ್ನೇ ಜೋಡಿಸಲು ಹೇಳಿದರು. ಮಲ್ಲಪ್ಪ, ಬಹಳ ಸಣ್ಣ ಹೆಸರು. ಕಣ್ಣು ಬಿಟ್ಟುಕೊಂಡು, ಕೇಸಿನ ಮೇಲೆ ಬಗ್ಗಿ, ಒಂದೊಂದು ಖಾನೆಯನ್ನೂ ಇಣುಕಿ ಹುಡುಕಿದೆ. ಗೌರಮ್ಮ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದಳು. ಕೊನೆಗೂ ಮುಗಿಯಿತು. ಬೆವರು ಒರೆಸಿಕೊಂಡು ಪ್ರೂಫ್ ತೆಗೆದೆ.

ಒಂದು ಅಕ್ಷರ ಮಕಾಡೆ ಮಲಗಿತ್ತು. ಒಂದು ತಲೆಕೆಳಗಾಗಿ ನಿಂತಿತ್ತು. ಉಳಿದವು ಒಂದಕ್ಕೊಂದು ಬೆನ್ನು ಹಾಕಿದ್ದವು.

ತಿಪ್ಪಯ್ಯನವರು ಆ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಿರಿಯರಲ್ಲವೇ, ಮನಸ್ಸು ನೋಯಿಸುವವರಲ್ಲ.

“ಪರವಾಗಿಲ್ಲ ಯಜಮಾನ್ರೇ,” ಎಂದರು, “ನೋಡಿದ ಕೂಡಲೇ ನಿಮ್ಮದೇ ಅಂತ ಗುರುತು ಸಿಗುತ್ತೆ.”