ಬಾಳೆ ಕಡಿಯಲು ಹೊರಟ ಅಜ್ಜ

ಸುಂಟಿಕೊಪ್ಪದ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ಫಿಸಿಯೋಥೆರಪಿಸ್ಟ್. ಏಳಿ, ಕೂರಿ, ಕಾಲೆತ್ತಿ ಅನ್ನುವುದೇ ನನ್ನ ಉದ್ಯೋಗ. ಇವರ ಮೈಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ನಾನು ತೀರ್ಮಾನ ಮಾಡಿದ ಮರುದಿನವೇ ಯಾರಾದರೊಬ್ಬರು ನನ್ನ ಬಾಯಿ ಮುಚ್ಚಿಸುತ್ತಾರೆ. ನಮ್ಮಲ್ಲಿ ಇದು ಮಾಮೂಲು.

೧. ಕೂರಲು ಬಂದವರು

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಕೊಡವ ಅಜ್ಜ ಒಬ್ಬರಿದ್ದರು. ಬಚ್ಚಲಲ್ಲಿ ಬಿದ್ದ ಮೇಲೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ತೊಡೆಯ ಮಾಂಸವೆಲ್ಲ ಕರಗಿಹೋಗಿತ್ತು.

"ಕೈ ಊರದೆ ಒಂದು ಸಲ ಎದ್ದು ನಿಲ್ಲಿ ಸಾರ್" ಎಂದೆ.

"ನಡೆಯೋದನ್ನೆಲ್ಲ ತೋಟದಲ್ಲೇ ಮುಗಿಸ್ಕೊಂಡು ಬಂದಿದೀನಮ್ಮ. ಇಲ್ಲಿಗೆ ಬಂದಿರೋದು ಕೂರೋಕೆ."

ಉಳಿದವರಿಗೂ ಅದೇ ಬೇಕಿತ್ತು. ಹಾಲ್‌ನಲ್ಲಿದ್ದವರೆಲ್ಲ ಇನ್ನಷ್ಟು ಆರಾಮಾಗಿ ಒರಗಿಕೊಂಡರು. ಒಬ್ಬ ಅಜ್ಜಿಯಂತೂ "ನೀನೂ ಕೂತ್ಕೋ ಮಗಾ, ಆಗಿಂದ ನಿಂತೇ ಇದೀಯ" ಎಂದು ನನಗೇ ಜಾಗ ಮಾಡಿಕೊಟ್ಟರು.

೨. ಹಿರಿಯರು ಬಂದರು

ಆ ತಿಂಗಳು ತೊಂಬತ್ತು ದಾಟಿದ ಅಜ್ಜಿಯೊಬ್ಬರು ಹೊಸದಾಗಿ ಸೇರಿದರು. ಗಾಲಿಕುರ್ಚಿಯಲ್ಲಿ ಕೂರಿಸಿ ಅವರನ್ನು ಹಾಲ್‌ನೊಳಗೆ ತಳ್ಳಿಕೊಂಡು ಬಂದೆ. ಹಿರಿಯರು ಬಂದಾಗ ಕೂತೇ ಇರುವುದುಂಟೇ? ಎಂಬತ್ತರ ಆಸುಪಾಸಿನವರೆಲ್ಲ ಹುಡುಗರ ಹಾಗೆ ದಡಬಡಿಸಿ ಎದ್ದರು. ರೈಟರ್ ಅಜ್ಜ ಮೊಣಕಾಲು ನಡುಗಿಸುತ್ತ ಎದ್ದು, ಬಾಗಿ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದರು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಅಂದಿನಿಂದ ನನ್ನ ಪಾಠ ಸುಲಭವಾಯಿತು. ಅಜ್ಜಿಯನ್ನು ಒಳಗೆ ತರುವುದು, ಎಲ್ಲರೂ ಏಳುವುದು, ಅವರು ಕೂತ ಮೇಲೆ ಅಜ್ಜಿಯನ್ನು ಮತ್ತೆ ವರಾಂಡಕ್ಕೆ ಒಯ್ಯುವುದು. ಕೊನೆಗೊಂದು ದಿನ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ನನ್ನ ಒಳಗಿಡ್ತೀಯೋ ಹೊರಗಿಡ್ತೀಯೋ, ಒಂದು ತೀರ್ಮಾನ ಮಾಡು ತಾಯಿ."

೩. ದಿಂಡಿನ ಪಲ್ಯ

ಅಷ್ಟರಲ್ಲಿ ರೈಟರ್ ಅಜ್ಜನ ತಂಗಿಯ ಮೊಮ್ಮಗನಿಗೆ ಮದುವೆ ಗೊತ್ತಾಯಿತು. ಕೊಡವರ ಮದುವೆಯಲ್ಲಿ ಗಂಡು ಹೆಣ್ಣು ಎರಡೂ ಕಡೆಯ ಒಬ್ಬೊಬ್ಬರು, ನೆಟ್ಟ ಮೂರು ಮೂರು ಬಾಳೆದಿಂಡುಗಳನ್ನು ಅಗಲ ಅಲಗಿನ ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಕಡಿಯುವುದು ದೊಡ್ಡ ಮರ್ಯಾದೆ. ಮದುಮಗನ ಅಪ್ಪನ ಮದುವೆಯಲ್ಲಿ ಕಡಿದವರು ಇದೇ ಅಜ್ಜ. ಈ ಸಲವೂ ಕಡಿಯುತ್ತೇನೆ ಎಂದಾಗ ಮನೆಯವರು ಫೋನಿನಲ್ಲಿ, "ಮಾವ, ನೀವು ಕೂತು ಆಶೀರ್ವಾದ ಮಾಡಿ, ಸಾಕು" ಎಂದರು.

ಫೋನ್ ಇಟ್ಟವರು ನನ್ನ ಕಡೆ ತಿರುಗಿ, "ನಿನ್ನ ಆ ಏಳೋದು ಕೂರೋದು ಇನ್ನೊಂದ್ಸಲ ಹೇಳಿಕೊಡು" ಎಂದರು.

ಅವರು ಪಟ್ಟು ಹಿಡಿದ ರೀತಿ ನೋಡಿ ನಾನೇ ಹೆದರಿದೆ. ಬೆಳಗ್ಗೆ ಮೆಟ್ಟಿಲು ಹತ್ತುವುದು, ಸಂಜೆ ಮರಳಿನ ಚೀಲ ಎತ್ತುವುದು. ಬಲ ಬರುತ್ತಿದ್ದಂತೆ ಗೊನೆ ಇಳಿಸಿದ ಬಾಳೆಗಿಡಗಳ ಮೇಲೆ ಅಭ್ಯಾಸ. ಮೊದಲ ಏಟಿಗೆ ಕತ್ತಿ ದಿಂಡಿನ ಅರ್ಧಕ್ಕೇ ಸಿಕ್ಕಿಕೊಂಡಿತು. ಹಿಂದೆ ನಿಂತು ನಾನು ಅವರ ಸೊಂಟದ ಬೆಲ್ಟ್ ಹಿಡಿದಿರದಿದ್ದರೆ ಅವರೂ ಕತ್ತಿಯ ಜೊತೆ ಅಲ್ಲೇ ನೇತಾಡುತ್ತಿದ್ದರು. ಇದನ್ನು ಕಂಡ ಉಳಿದ ಅಜ್ಜಂದಿರು "ನಮಗೂ ಒಂದೇಟು" ಎಂದು ಸಾಲುಗಟ್ಟಿದರು. ಅಡುಗೆಮನೆಗೆ ದಿನವೂ ದಿಂಡಿನ ರಾಶಿ.

"ಮೇಡಂ, ಮದುವೆ ಸ್ವಲ್ಪ ಬೇಗ ಮುಗಿಸೋಕೆ ಹೇಳಿ" ಎಂದು ಸೋಮವಾರಪೇಟೆ ಕಡೆಯ ನಮ್ಮ ಅಡುಗೆಯವರು ಕೈಮುಗಿದರು. "ಅವ್ರ ತೋಳಿಗೆ ಬಲ ಬಂತು, ನಮ್ಮ ತಟ್ಟೆಗೆ ದಿಂಡು ಬಿಟ್ರೆ ಬೇರೇನೂ ಬರ್ತಿಲ್ಲ."

೪. ಬಿಟ್ಟಂಗಾಲದ ಮದುವೆ

ಅಭ್ಯಾಸದ ವಿಡಿಯೋ ನೋಡಿದ ಮೇಲೆ ಮನೆಯವರು ಒಪ್ಪಿದರು, ನಾನು ಪಕ್ಕದಲ್ಲಿರಬೇಕೆಂಬ ಷರತ್ತಿನ ಮೇಲೆ. ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು ಅಜ್ಜ ಕತ್ತಿ ಹಿಡಿದಾಗ ವಾಲಗದವರೂ ಸದ್ದು ತಗ್ಗಿಸಿದರು. ಅವರು ಬಿದ್ದರೆ ಓಡಿಹೋಗಿ ಹಿಡಿಯಲೆಂದು ನಾನು ಮಂಟಪದ ಅಂಚಿಗೆ ಸರಿದು ನಿಂತೆ.

ಮೊದಲ ದಿಂಡು ಒಂದೇ ಏಟಿಗೆ ಉರುಳಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಇಡೀ ಮೈ ಹಾಕಿ ಬೀಸಿದರು, ದಿಂಡು ಬಿತ್ತು. ಬಚ್ಚಲಿಂದ ಎತ್ತಿ ತಂದಿದ್ದ ಮನುಷ್ಯ ಇವರೇನಾ ಎಂದು ನನ್ನ ಕಣ್ಣು ತುಂಬಿಬಂತು.

ಆದರೆ ಬಾಗಿದ ಅಜ್ಜ ನೇರವಾಗಲಿಲ್ಲ. ಕತ್ತಿಯ ತುದಿ ನೆಲಕ್ಕೆ ಊರಿ, ತಲೆ ತಗ್ಗಿಸಿ ಹಾಗೇ ನಿಂತರು. ಮುಂದಿನ ಸಾಲಿನ ಹಿರಿಯರೊಬ್ಬರು, "ಕಾರಣವರಿಗೆ ವಂದನೆ ಮಾಡ್ತಿದ್ದಾರೆ, ಸುಮ್ಮನಿರಿ" ಎಂದು ತಾವೂ ಎದ್ದು ತಲೆಬಾಗಿದರು. ಪೂರ್ವಿಕರ ಹೆಸರು ಬಂದ ಮೇಲೆ ಇಡೀ ಮಂಟಪವೇ ತಲೆ ತಗ್ಗಿಸಿತು. ನಾನು ಓಡಿದೆ.

"ಸೊಂಟ ಹಿಡ್ಕೊಂಡಿದೆ" ಎಂದು ಅಜ್ಜ ಪಿಸುಗುಟ್ಟಿದರು. "ಯಾರಿಗೂ ಗೊತ್ತಾಗದ ಹಾಗೆ ಎಬ್ಬಿಸು."

ಬೆನ್ನಿಗೆ ಕೈಕೊಟ್ಟು ಮೆಲ್ಲಗೆ ಎಬ್ಬಿಸಿದೆ. ನಿಂತಾಗ ರಾಜನ ಹಾಗಿದ್ದರು. "ಇಂಥ ಭಕ್ತಿ ಈಗ ಎಲ್ಲಿದೆ" ಎಂದು ಜನ ಮಾತಾಡಿಕೊಂಡರು.

ನಂತರ ಹೆಣ್ಣಿನ ಕಡೆಯ ಸೋದರಮಾವನ ಸರದಿ. ಐವತ್ತರ ಗಟ್ಟಿ ಆಳು. ಪಟಪಟನೆ ಮೂರನ್ನೂ ಕಡಿದು, ತಾವೇನು ಕಮ್ಮಿ ಎಂದು ಅವರೂ ಕತ್ತಿ ಊರಿ, ಬಾಗಿ, ಬಹಳ ಹೊತ್ತು ಹಾಗೇ ನಿಂತರು. ಜನ ಮತ್ತೆ ಭಕ್ತಿಯಿಂದ ತಲೆ ತಗ್ಗಿಸಿದರು.

ರೈಟರ್ ಅಜ್ಜ ನನ್ನ ಮೊಣಕೈ ತಿವಿದರು.

"ಪಾಪ, ಅವನಿಗೂ ಹಿಡ್ಕೊಂಡಿದೆ. ಬೇಗ ಹೋಗಿ ಎಬ್ಬಿಸು."