ಔಷಧಿ ತೊಟ್ಟಿಯಲ್ಲಿ ಚಿಗುರಿದ ಕಾಲು

ಬೆಳೆಯಬಾರದ ಕಡೆ ಕಾಲು ಬೆಳೆದಿತ್ತು.

ಪ್ರಯೋಗಶಾಲೆಯ ತೊಟ್ಟಿಗಳನ್ನು ನೋಡಿಕೊಳ್ಳುವ ತೊಟ್ಟಿಯಣ್ಣ ಬೆಳಿಗ್ಗೆ ಕಪ್ಪು ಬಟ್ಟೆ ಸರಿಸಿದವನೇ ದಂಗಾದ. ಎರಡು ತೊಟ್ಟಿಗಳಲ್ಲೂ ಒಂದೊಂದು ಕಾಲು ಕತ್ತರಿಸಿದ ಸಲಮಾಂಡರುಗಳಿದ್ದವು. ನೋಡಲು ಹಲ್ಲಿಯ ನೆಂಟರಂತಿದ್ದ ಆ ನೀರುಜೀವಿಗಳು ಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುತ್ತವೆ. ಆದರೆ ಔಷಧಿ ಹಾಕಿ ಅವುಗಳ ರೋಗನಿರೋಧಕ ಶಕ್ತಿಯನ್ನು ಅಡಗಿಸಿದರೆ ಕಾಲು ಚಿಗುರುವುದಿಲ್ಲ ಎಂದು ಸಾಹೇಬರು ತೋರಿಸಬೇಕಿತ್ತು. ಈಗ ನೋಡಿದರೆ ‘ಔಷಧಿ’ ಚೀಟಿಯ ತೊಟ್ಟಿಯಲ್ಲಿ ಎಳೆ ಬೆರಳುಗಳು! ‘ಬರೀ ನೀರು’ ತೊಟ್ಟಿಯಲ್ಲಿ ಮೋಟುಕಾಲುಗಳು!

ಮೋಟುಕಾಲು ನೋಡಲಾರದೆ ಅವನು ದಿನವೂ ಕಣ್ಣುಮುಚ್ಚಿಕೊಂಡೇ ‘ಔಷಧಿ’, ‘ನೀರು’ ಬಾಟಲಿಗಳನ್ನು ತೊಟ್ಟಿಗಳಿಗೆ ಬಗ್ಗಿಸುತ್ತಿದ್ದ. ತೊಟ್ಟಿ ತಪ್ಪಿರಬೇಕು!

ಕಸ ಗುಡಿಸುವ ಅಕ್ಕ ಇಣುಕಿದಳು. “ಏನಣ್ಣಾ, ಏನೋ ಮುಚ್ಚಿಡ್ತಿದ್ದೀಯ?”

“ಏನಿಲ್ಲಕ್ಕಾ.”

“ಏನಿಲ್ಲ ಅನ್ನೋರ ಹತ್ರಾನೇ ಏನೋ ಇರತ್ತೆ. ನಿನ್ನ ಕೆಲಸ ಖಾಯಂ ಮಾಡೋದಾ, ಮನೆಗೆ ಕಳಿಸೋದಾ ಅಂತ ಸಾಹೇಬ್ರು ಇವತ್ತೇ ತೀರ್ಮಾನ ಮಾಡ್ತಾರಂತೆ.”

ಅವಳು ಹೋದ ಬೆನ್ನಿಗೆ ಗುಮಾಸ್ತ ಬಂದ. ಅವನ ಮೂಗು ಅವನಿಗಿಂತ ಮೊದಲೇ ಬಾಗಿಲು ದಾಟುತ್ತಿತ್ತು.

“ಏನಯ್ಯಾ, ಒಂದನ್ನ ಸಾಯಿಸಿಬಿಟ್ಯಂತೆ?”

“ಅಯ್ಯೋ, ಇಲ್ಲ ಸ್ವಾಮಿ!”

“ಹಾಗಾದ್ರೆ ಮಾರಿದ್ಯಾ?”

ಗುಮಾಸ್ತ ಗಾಜಿಗೆ ಮೂಗು ಒತ್ತಿ ಎಣಿಸಿದ. ಎಲ್ಲವೂ ಇದ್ದವು. ಪಾಪ, ಬೇಜಾರಿನಿಂದ ಹೊರಟುಹೋದ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ತೊಟ್ಟಿಯಣ್ಣ ಬಾಗಿಲು ಹಾಕಿಕೊಂಡ. ಸೋಪಿನಂತೆ ಜಾರುವ ಜೀವಿಗಳನ್ನು ಒಂದೊಂದಾಗಿ ಹಿಡಿದು, ಆ ತೊಟ್ಟಿಯವನ್ನು ಈ ತೊಟ್ಟಿಗೆ, ಈ ತೊಟ್ಟಿಯವನ್ನು ಆ ತೊಟ್ಟಿಗೆ ಬಿಟ್ಟ. ಈಗ ಔಷಧಿಯಲ್ಲಿ ಮೋಟು, ನೀರಿನಲ್ಲಿ ಬೆರಳು. ಜೀವ ತಣ್ಣಗಾಯಿತು.

ಸಾಹೇಬರು ಬಂದರು. ಹಿಂದೆಯೇ ಅಕ್ಕ, ಗುಮಾಸ್ತ. ಸಾಹೇಬರು ಎರಡೂ ತೊಟ್ಟಿಗಳತ್ತ ಬಗ್ಗಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಬಗ್ಗಿದರು.

“ಯಾರೂ ಫಲಿತಾಂಶ ತಿದ್ದಬಾರದು ಅಂತ ನಾನೇ ಮೊದಲ ದಿನ ಬಾಟಲಿಗಳಲ್ಲಿ ಇದ್ದದ್ದನ್ನ ಅದಲುಬದಲು ಮಾಡಿದ್ದೆ. ‘ಔಷಧಿ’ ಬಾಟಲಿಯಲ್ಲಿ ಇದ್ದದ್ದು ನೀರು, ‘ನೀರು’ ಬಾಟಲಿಯಲ್ಲಿ ಔಷಧಿ. ಅಂದ್ಮೇಲೆ ‘ಔಷಧಿ’ ತೊಟ್ಟೀಲೇ ಕಾಲು ಬರಬೇಕಿತ್ತು. ಬಂದಿರೋದು ಇನ್ನೊಂದರಲ್ಲಿ! ಒಂದೋ ವಿಜ್ಞಾನ ತಪ್ಪು, ಇಲ್ಲಾ ಯಾರೋ ಇದರಲ್ಲಿ ಕೈಯಾಡಿಸಿದ್ದಾರೆ.”



“ವಿಜ್ಞಾನಾನೇ ತಪ್ಪಿರಬೇಕು ಸಾರ್,” ಎಂದ ತೊಟ್ಟಿಯಣ್ಣ.

ಅಕ್ಕ ಒರೆಸುವ ಬಟ್ಟೆ ಹಿಡಿದು ಅವನ ಕಾಲಬುಡದಲ್ಲಿ ಕೂತಳು.

“ಸ್ವಲ್ಪ ಆ ಅಂಗಿ ತೋಳು ಹಿಂಡ್ಕೋ ಅಣ್ಣಾ. ಒರೆಸಿದಷ್ಟೂ ತೊಟ್ಟಿಕ್ತಾನೇ ಇದೆ.”