ಸವತಿ ಮಾರಾಟಕ್ಕಿದ್ದಾಳೆ

ನಮ್ಮ ಮನೆಯಲ್ಲಿ ನನಗೊಬ್ಬಳು ಸವತಿ ಇದ್ದಾಳೆ. ನಾಲ್ಕು ಚಕ್ರ, ನೀಲಿ ಬಣ್ಣ, ನನಗಿಂತ ಚಿಕ್ಕವಳು. ಬೆಳಿಗ್ಗೆ ಎದ್ದೊಡನೆ ನಮ್ಮ ಯಜಮಾನರು ನನ್ನ ಮುಖ ನೋಡುವುದಿಲ್ಲ, ಬಕೆಟ್ಟು ಹಿಡಿದು ಅವಳ ಬಳಿಗೆ ಓಡುತ್ತಾರೆ. ನಾನು ವಾರವಿಡೀ ಕೆಮ್ಮಿದರೂ "ಬಿಸಿನೀರು ಕುಡಿ" ಎನ್ನುವ ಮಹಾನುಭಾವರು, ಅವಳು ಒಂದೇ ಒಂದು ಸಲ ಕೆಮ್ಮಿದರೆ ಆಫೀಸಿಗೆ ರಜೆ ಹಾಕಿ ಮೆಕ್ಯಾನಿಕ್ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ಬಂದರೆ "ಹುಷಾರು ಕಣೇ, ಆ ಬಟ್ಟೆಯ ಗುಂಡಿ ತಾಗಿ ಗೀರು ಬಿದ್ದೀತು" ಎಂದರು. (ಗೀರು ನನಗಲ್ಲ, ಅವಳ ಬಾಗಿಲಿಗೆ!) ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರ ಆಫೀಸು ಪಕ್ಕದ ಬೀದಿಗೇ ಬಂದದ್ದು ನನಗೆ ವರವಾಯಿತು.

"ರೀ, ನಡೆದು ಹೋಗೋ ದೂರ. ಇನ್ನು ಕಾರು ಯಾಕೆ? ಮಾರಿಬಿಡಿ."

"ಅಯ್ಯೋ, ಅವಳನ್ನಾ?"

ನಾನು ಮಾತು ಬಿಟ್ಟೆ. (ಬಿಟ್ಟಿದ್ದೇನೆಂದು ಅವರಿಗೆ ತಿಳಿದದ್ದು ಮರುದಿನ.) ಕೊನೆಗೆ ಒಪ್ಪಿದರು. ಆದರೆ ಕೊಳ್ಳಲು ಬಂದವರಲ್ಲಿ ಒಬ್ಬ ಬಾಗಿಲು ದಡಾರನೆ ಹಾಕಿದನೆಂದು, ಇನ್ನೊಬ್ಬನ ಚಪ್ಪಲಿಯಲ್ಲಿ ಮಣ್ಣಿತ್ತೆಂದು ಓಡಿಸಿಬಿಟ್ಟರು. ಇದು ಆಗುವ ಹೋಗುವ ಮಾತಲ್ಲವೆಂದು ವ್ಯವಹಾರವನ್ನು ನಾನೇ ಕೈಗೆತ್ತಿಕೊಂಡೆ. ನನ್ನ ಸಂವಿಧಾನ ಹೀಗಿತ್ತು: ಗಿರಾಕಿಗೆ ಮನೆಯ ವಿಳಾಸ ಕೊಡಕೂಡದು, ಹಾಡಹಗಲಲ್ಲಿ ಬ್ಯಾಂಕಿನ ಮುಂದೆ ಭೇಟಿ. ಲೈಸೆನ್ಸು ನೋಡದೆ ಕೀಲಿ ಕೊಡಕೂಡದು, ಓಡಿಸಿ ನೋಡುವಾಗ ನಾವೂ ಒಳಗಿರಬೇಕು. ಹಣ ಖಾತೆಗೆ ಬೀಳದೆ ಸಹಿ ಇಲ್ಲ. ಮತ್ತೆ, ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳಬೇಕು. ಮುಂದೆ ತಕರಾರು ಬಂದು ಅವಳು ತವರಿಗೆ ವಾಪಸಾದರೆ ನನ್ನ ಗತಿ?

ಬಂದವರು ಒಬ್ಬ ಮೇಷ್ಟ್ರು, ಟೈಲರಿಂಗ್ ಮಾಡುವ ಅವರ ಹೆಂಡತಿ. ಸುತ್ತು ಹೊಡೆದೆವು. ಸವತಿಯನ್ನು ನನ್ನ ಬಾಯಿಂದಲೇ ಹೊಗಳುವ ಕರ್ಮ! ಕರೆದ ಕೂಡಲೇ ಏಳುತ್ತಾಳೆ, ಹೆಚ್ಚು ಕುಡಿಯುವುದಿಲ್ಲ, ಹಿಂದಿನ ಕಿಟಕಿ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ ಎಂದೆ. ಮೇಷ್ಟ್ರಿಗೆ ಒಪ್ಪಿಗೆಯಾಯಿತು. ಬೀಳ್ಕೊಡುಗೆ ನೋಡಲಾರದೆ ನಮ್ಮವರು ದೂರ ಹೋಗಿ ಬ್ಯಾಂಕಿನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ನಿಂತರು. ಆಗ ಮೇಷ್ಟ್ರ ಹೆಂಡತಿ ಕೇಳಿದಳು:

"ಅಕ್ಕಾ, ಇಷ್ಟು ಒಳ್ಳೇ ಗಾಡಿ, ಯಾಕೆ ಮಾರ್ತಿದ್ದೀರಾ?"

ಆಫೀಸು ಹತ್ತಿರ ಬಂತು ಎಂದಿದ್ದರೆ ಮುಗಿದಿತ್ತು. ಆದರೆ ಸತ್ಯ ಹೇಳಬೇಕಲ್ಲ! ಜೊತೆಗೆ, ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಕೆಟ್ಟು, ಕೆಮ್ಮು, ಗುಂಡಿ, ಎಲ್ಲವನ್ನೂ ತೋಡಿಕೊಂಡೆ.

ಆಕೆ ಮೆಲ್ಲನೆ ತಿರುಗಿ ನೋಡಿದಳು. ಮೇಷ್ಟ್ರು ಕಾರಿನ ಕನ್ನಡಿಗೆ "ಹಾ" ಎಂದು ಉಸಿರು ಬಿಟ್ಟು, ಕರ್ಚೀಫಿನಿಂದ ನಯವಾಗಿ ಒರೆಸುತ್ತಿದ್ದರು.

"ರೀ, ಕರ್ಚೀಫು ಜೇಬಿಗೆ ಹಾಕಿ. ನಡೀರಿ."

"ದುಡ್ಡು ಕಳಿಸೋಣ ಅಂತಿದ್ದೆ ಕಣೇ..."

"ಏನೂ ಬೇಡ. ಬಸ್ಸಿದೆ." ನನ್ನ ಕೈ ಒತ್ತಿ, "ದೊಡ್ಡ ಉಪಕಾರ ಮಾಡಿದ್ರಿ ಅಕ್ಕಾ" ಎಂದು ಗಂಡನನ್ನು ಎಳೆದುಕೊಂಡೇ ಹೋದಳು.

ನಮ್ಮವರು ಓಡಿ ಬಂದರು. "ಯಾಕೆ ಹೋದ್ರು? ಏನು ಹೇಳ್ದೆ ನೀನು?"

ನಾನು ಕೀಲಿಯನ್ನು ವಾಪಸು ಅವರ ಕೈಗಿಟ್ಟೆ. ಅವರ ಕಣ್ಣು ತುಂಬಿ ಬಂತು. "ಗೊತ್ತಾಯ್ತು ಬಿಡು. ಕೊನೇ ಗಳಿಗೇಲಿ ಕೊಡೋಕೆ ನಿಂಗೂ ಮನಸ್ಸು ಬರ್ಲಿಲ್ಲ, ಅಲ್ವಾ?" ಎಂದು ನಡುಬೀದಿಯಲ್ಲೇ ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಹೊಸದರಲ್ಲಿ ಹಿಡಿದದ್ದು! ಆ ಸುಖದಲ್ಲಿ ನನ್ನ ಸಂವಿಧಾನ ಮರೆತುಹೋಯಿತು.

"ಹೌದು ರೀ" ಎಂದುಬಿಟ್ಟೆ.

ಮರುದಿನ ಇನ್ನೂ ಬೆಳಕು ಹರಿಯುವ ಮೊದಲೇ ಭುಜ ತಟ್ಟಿ ಎಬ್ಬಿಸಿದರು. ಕೈಯಲ್ಲಿ ಹೊಸದೊಂದು ಒರೆಸುವ ಬಟ್ಟೆ. "ಏಳು, ಇಷ್ಟು ದಿನ ನಿನ್ನ ಪ್ರೀತಿ ನಂಗೆ ಅರ್ಥವೇ ಆಗಿರ್ಲಿಲ್ಲ. ಇವತ್ತಿಂದ ನೀನೂ ಬಾ."

ಈಗ ದಿನವೂ ಸವತಿಯ ಬಲಗಡೆ ಅವರು ತೊಳೆಯುತ್ತಾರೆ, ಎಡಗಡೆ ನಾನು. ನಾನು ಒರೆಸಿದ ಕಡೆ ಹೊಳಪು ಸಾಲದಂತೆ.